ಹೆಕ್ಸಾಡೆಕೇನಿನ ಸಾಂದ್ರತೆ 630 ಬರುತ್ತಿದೆ: ತಪ್ಪು ನನ್ನ ಪ್ರೋಗ್ರಾಮಿನದೋ, ಪೆಂಗ್-ರಾಬಿನ್ಸನ್ ಸಮೀಕರಣದ್ದೋ?

ಆನೆಕೊಂಡ (ದಾವಣಗೆರೆ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಉದ್ದ ಸರಪಳಿಯಂತಹ ಅಣುಗಳುಳ್ಳ ದ್ರವಗಳ ಸಾಂದ್ರತೆಯನ್ನು ಪ್ರಯೋಗಾಲಯದಲ್ಲಿ ಅಳೆದು, ಅದನ್ನು ಸ್ಥಿತಿ ಸಮೀಕರಣದಿಂದ (ಒತ್ತಡ, ತಾಪ, ಗಾತ್ರಗಳನ್ನು ಬೆಸೆಯುವ ಸೂತ್ರ) ಬರುವ ಬೆಲೆಯೊಂದಿಗೆ ಹೋಲಿಸುವುದು ನನ್ನ ಪ್ರಾಜೆಕ್ಟಿನ ವಿಷಯ. ಶೇಂಗಾ ಎಣ್ಣೆ ಮತ್ತು ಹೆಕ್ಸೇನ್ ಮಿಶ್ರಣದವರೆಗೆ ಹೋಗಬೇಕೆಂಬ ಆಸೆಯಿದೆ. ಆದರೆ ಮೊದಲ ಮೆಟ್ಟಿಲಲ್ಲೇ ಎಡವಿದ್ದೇನೆ.

30 ಡಿಗ್ರಿ ಸೆಲ್ಸಿಯಸ್‌ನ ನೀರಿನ ತೊಟ್ಟಿಯಲ್ಲಿ ಸಾಂದ್ರತಾ ಬಾಟಲಿಯನ್ನು ಇರಿಸಿ ತೂಗಿದಾಗ ಸಾಧಾರಣ ಹೆಕ್ಸೇನಿಗೆ ಘನ ಮೀಟರಿಗೆ 650 ಕೆ.ಜಿ., ಹೆಕ್ಸಾಡೆಕೇನಿಗೆ 766 ಕೆ.ಜಿ. ಬಂದಿತು. ಇವೆರಡೂ ಕೋಷ್ಟಕಗಳಲ್ಲಿರುವ ಬೆಲೆಗಳಿಗೆ ಹೊಂದುತ್ತವೆ. ಆಮೇಲೆ ಪೆಂಗ್-ರಾಬಿನ್ಸನ್ ಎಂಬ ಸ್ಥಿತಿ ಸಮೀಕರಣಕ್ಕೆ ನಾನೇ ಬರೆದ ಚಿಕ್ಕ ಪ್ರೋಗ್ರಾಮನ್ನು ಓಡಿಸಿದೆ. ಹೆಕ್ಸೇನಿಗೆ 657 ಎಂದಿತು. ಶೇಕಡ 1ರಷ್ಟೇ ವ್ಯತ್ಯಾಸವಾದ್ದರಿಂದ ಖುಷಿಪಟ್ಟೆ. ಅದೇ ಪ್ರೋಗ್ರಾಮು ಹೆಕ್ಸಾಡೆಕೇನಿಗೆ 630 ಎಂದಿತು. ಅಂದರೆ ಶೇಕಡ 18ರಷ್ಟು ಕಡಿಮೆ. ಅದಕ್ಕಿಂತ ವಿಚಿತ್ರವೆಂದರೆ, ಹದಿನಾರು ಇಂಗಾಲದ ದ್ರವವು ಆರು ಇಂಗಾಲದ ದ್ರವಕ್ಕಿಂತ ಹಗುರವೆಂದು ಈ ಲೆಕ್ಕ ಹೇಳುತ್ತಿದೆ.

ಹೆಕ್ಸಾಡೆಕೇನಿಗೆ ಕ್ರಾಂತಿಕ ತಾಪ (ದ್ರವ-ಆವಿಯ ಭೇದ ಅಳಿಯುವ ತಾಪ) 723 ಕೆಲ್ವಿನ್, ಕ್ರಾಂತಿಕ ಒತ್ತಡ 14 ಬಾರ್, ಅಸೆಂಟ್ರಿಕ್ ಫ್ಯಾಕ್ಟರ್ (ಅಣು ಗುಂಡಿನ ಆಕಾರದಿಂದ ಎಷ್ಟು ದೂರ ಎಂಬುದರ ಅಳತೆ) 0.72 ಎಂದು ಕೊಟ್ಟಿದ್ದೇನೆ. ಏಕಮಾನಗಳನ್ನು ಮೂರು ಬಾರಿ ಪರೀಕ್ಷಿಸಿದೆ, ಆ ಘನ (ಮೂರನೆಯ ಘಾತದ) ಸಮೀಕರಣದ ಮೂಲಗಳನ್ನು ಕೈಯಿಂದಲೂ ಬಿಡಿಸಿ ನೋಡಿದೆ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ತಿಳಿಸಿಕೊಡಬೇಕು.

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಆನೆಕೊಂಡ ಅವರೇ, ನಿಮ್ಮ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ನಿಮ್ಮ ಮೂರು ಸಂಖ್ಯೆಗಳನ್ನೇ ಇಟ್ಟುಕೊಂಡು ನಾನೂ ಕಾಗದದ ಮೇಲೆ ಬಿಡಿಸಿದೆ. ನನಗೂ 630 ಬಂದಿತು. ಇಲ್ಲಿ ಎಡವಿರುವುದು ಸಮೀಕರಣ, ಮತ್ತು ಅದು ಎಲ್ಲಿ ಎಡವಿದೆ ಎಂಬುದನ್ನು ಒಂದೇ ಸಾಲಿನ ಲೆಕ್ಕದಲ್ಲಿ ಹಿಡಿಯಬಹುದು.

ಪೆಂಗ್-ರಾಬಿನ್ಸನ್‌ನಲ್ಲಿ ‘ಬಿ’ ಎಂಬ ಪದ ಅಣುಗಳು ತಾವೇ ಆಕ್ರಮಿಸುವ ಗಾತ್ರವನ್ನು ಸೂಚಿಸುತ್ತದೆ. ಎಷ್ಟೇ ಒತ್ತಿದರೂ ದ್ರವದ ಮೋಲಾರ್ ಗಾತ್ರ ಇದಕ್ಕಿಂತ ಕೆಳಗಿಳಿಯುವಂತಿಲ್ಲ. ಅನಿಲ ಸ್ಥಿರಾಂಕವನ್ನು ಕ್ರಾಂತಿಕ ತಾಪದಿಂದ ಗುಣಿಸಿ, ಕ್ರಾಂತಿಕ ಒತ್ತಡದಿಂದ ಭಾಗಿಸಿ, 0.0778ರಿಂದ ಗುಣಿಸಿದರೆ ‘ಬಿ’ ಸಿಗುತ್ತದೆ. ಹೆಕ್ಸಾಡೆಕೇನಿಗೆ ಇದು ಮೋಲಿಗೆ 334 ಘನ ಸೆಂ.ಮೀ. ಈಗ ನಿಮ್ಮ ಬಾಟಲಿಯತ್ತ ನೋಡಿ: ಮೋಲಾರ್ ದ್ರವ್ಯರಾಶಿ 226.4 ಗ್ರಾಂ, ಸಾಂದ್ರತೆ 0.766, ಆದ್ದರಿಂದ ನಿಜವಾದ ಮೋಲಾರ್ ಗಾತ್ರ ಸುಮಾರು 296. ನಿಮ್ಮ ಮೇಜಿನ ಮೇಲೆ ವಾತಾವರಣದ ಒತ್ತಡದಲ್ಲಿ ಸುಮ್ಮನೆ ಕುಳಿತಿರುವ ದ್ರವವು, ಈ ಸಮೀಕರಣ ಅನಂತ ಒತ್ತಡದಲ್ಲಿಯೂ ಒಪ್ಪದಷ್ಟು ಚಿಕ್ಕ ಜಾಗದಲ್ಲಿ ಹಿಡಿಸಿಕೊಂಡಿದೆ. 226.4ನ್ನು 334ರಿಂದ ಭಾಗಿಸಿದರೆ ಬರುವ 0.678 ಈ ಸಮೀಕರಣದ ಮಾಳಿಗೆ, 0.766 ಆ ಮಾಳಿಗೆಯ ಮೇಲಿದೆ. ಸೋವೆ-ರೆಡ್ಲಿಕ್-ಕ್ವಾಂಗ್ ಎಂಬ ಇನ್ನೊಂದು ಘನ ಸಮೀಕರಣ ಹಾಕಿದರೆ 0.0778ರ ಬದಲು 0.08664 ಬರುವುದರಿಂದ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಹಾಗಾದರೆ ಹೆಕ್ಸೇನಿನಲ್ಲಿ ಹೇಗೆ ಸರಿಹೋಯಿತು? ಅದರ ‘ಬಿ’ ಸುಮಾರು 108.5, ನಿಜವಾದ ಮೋಲಾರ್ ಗಾತ್ರ 132ರ ಆಸುಪಾಸು. ಅಲ್ಲಿ ಜಾಗವಿದೆ. 1976ರಲ್ಲಿ ಪೆಂಗ್ ಮತ್ತು ರಾಬಿನ್ಸನ್ ಈ ರೂಪವನ್ನು ಕೊಟ್ಟಾಗ ಮಧ್ಯಮ ಗಾತ್ರದ ಹೈಡ್ರೋಕಾರ್ಬನ್‌ಗಳ ದ್ರವ ಸಾಂದ್ರತೆಯನ್ನು ಸುಧಾರಿಸುವುದು ಅವರ ಗುರಿಗಳಲ್ಲಿ ಒಂದಾಗಿತ್ತು, ಹೆಕ್ಸೇನ್ ಆ ಕೃಪೆಯ ಮಡಿಲಿನಲ್ಲೇ ಇದೆ. ಹಾಗೆಂದು ಹೆಕ್ಸೇನಿನ ವಿಷಯದಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಕ್ರಾಂತಿಕ ಬಿಂದುವಿನಲ್ಲಿ ಸಂಪೀಡ್ಯತಾ ಅಂಶ (ಒತ್ತಡವು ಆದರ್ಶ ಅನಿಲದ ಒತ್ತಡಕ್ಕೆ ಎಷ್ಟು ಪಟ್ಟು ಎಂಬುದು) ಪ್ರತಿಯೊಂದು ದ್ರವಕ್ಕೂ 0.307 ಎಂದು ಈ ಸಮೀಕರಣ ಕಟ್ಟಿಹಾಕುತ್ತದೆ. ಹೆಕ್ಸೇನಿನ ನಿಜವಾದ ಬೆಲೆ 0.26ರ ಆಸುಪಾಸಿನಲ್ಲಿದೆ.

ಮೂಲ ಕಾರಣ ಇನ್ನೂ ಆಳದಲ್ಲಿದೆ. ವಾನ್ ಡರ್ ವಾಲ್ಸ್ 1873ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಅಣುವೆಂದರೆ ಒಂದು ಗುಂಡು. ಆ ಗುಂಡಿನ ಗಾತ್ರವನ್ನೂ ಆಕರ್ಷಣೆಯನ್ನೂ ಕ್ರಾಂತಿಕ ಬಿಂದುವಿನಿಂದಲೇ ಹಿಂದಕ್ಕೆ ಎಣಿಸುತ್ತೇವೆ. ಸರಪಳಿ ಉದ್ದವಾದಂತೆ ಕ್ರಾಂತಿಕ ತಾಪ ಏರುತ್ತದೆ, ಕ್ರಾಂತಿಕ ಒತ್ತಡ ಇಳಿಯುತ್ತದೆ. ಹೆಕ್ಸೇನಿಗೆ 30 ಬಾರ್ ಇದ್ದದ್ದು ಹೆಕ್ಸಾಡೆಕೇನಿಗೆ 14 ಬಾರ್ ಆಗಿದೆ. ಈ ಇಳಿತಕ್ಕೆ ದೊಡ್ಡ ಕಾರಣ ಸರಪಳಿಯ ಮಣಿಗಳನ್ನು, ಅಂದರೆ ತುಣುಕುಗಳನ್ನು, ಒಂದಕ್ಕೊಂದು ಕಟ್ಟಿರುವ ಬಂಧ. ಸಮೀಕರಣಕ್ಕೆ ಬಂಧದ ಪರಿಚಯವಿಲ್ಲ. ಆದ್ದರಿಂದ ಅದು ಎಲ್ಲವನ್ನೂ ಗುಂಡಿನ ಗಾತ್ರದ ಲೆಕ್ಕಕ್ಕೆ ಬರೆದು ‘ಬಿ’ಯನ್ನು ಉಬ್ಬಿಸುತ್ತದೆ. ಇನ್ನೊಂದು ತಮಾಷೆಯೂ ಇದೆ: ಸುಮಾರು ಡೆಕೇನಿಗಿಂತ ಉದ್ದವಾದ ಸರಪಳಿಗಳು ತಮ್ಮ ಕ್ರಾಂತಿಕ ತಾಪ ಮುಟ್ಟುವ ಹೊತ್ತಿಗೆ ಶಾಖಕ್ಕೆ ಒಡೆಯತೊಡಗುತ್ತವೆ. ಅಣುವೇ ಉಳಿಯದ ತಾಪವನ್ನು ಆಧಾರವಾಗಿಟ್ಟುಕೊಂಡು 30 ಡಿಗ್ರಿಯ ಬಾಟಲಿಯನ್ನು ವಿವರಿಸಲು ನಾವು ಹೊರಟಿದ್ದೇವೆ.

ಶಾಂತಿಸಾಗರ (ಚನ್ನಗಿರಿ)

ಕೋಟೆಯವರು ಹೇಳಿದ್ದು ಸರಿ. ಆದರೆ ವಿದ್ಯಾರ್ಥಿನಿಗೆ ಬೇಕಿರುವುದು ಸಾಂದ್ರತೆ. 1982ರಲ್ಲಿ ಪೆನೆಲೂ ಮತ್ತು ಸಂಗಡಿಗರು ಕೊಟ್ಟ ಗಾತ್ರದ ಸರಿಸುವಿಕೆ ಇದ್ದೇ ಇದೆಯಲ್ಲ? ಲೆಕ್ಕದಿಂದ ಬಂದ ಮೋಲಾರ್ ಗಾತ್ರದಿಂದ ಒಂದು ಸ್ಥಿರ ಸಂಖ್ಯೆಯನ್ನು ಕಳೆದುಬಿಟ್ಟರೆ ಆಯಿತು. ಆವಿ ಒತ್ತಡವಾಗಲಿ, ಆವಿ-ದ್ರವ ಸಮತೋಲನವಾಗಲಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಏಕೆಂದರೆ ಎರಡೂ ಪ್ರಾವಸ್ಥೆಗಳ ಫ್ಯುಗಾಸಿಟಿ (ಪ್ರಾವಸ್ಥೆಯಿಂದ ಹೊರಬೀಳುವ ಒಲವಿನ ಅಳತೆ) ಒಂದೇ ಅನುಪಾತದಲ್ಲಿ ಬದಲಾಗುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ಸಿಮ್ಯುಲೇಶನ್ ಸಾಫ್ಟ್‌ವೇರುಗಳಲ್ಲಿ ಇಂದಿಗೂ ಇದು ನಡೆಯುತ್ತದೆ. ಇಷ್ಟಕ್ಕೆ ಹೊಸ ಸಮೀಕರಣವನ್ನೇ ಹೊತ್ತು ತರಬೇಕೇ?

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಒಂದೇ ತಾಪದಲ್ಲಿ ಒಂದೇ ದ್ರವದ ಸಾಂದ್ರತೆ ಸಾಕಾದರೆ ಶಾಂತಿಸಾಗರ ಅವರ ಮಾತಿಗೆ ನನ್ನ ತಕರಾರಿಲ್ಲ. 30 ಡಿಗ್ರಿಯಲ್ಲಿ ಲೆಕ್ಕದ ಗಾತ್ರ 359.4, ನಿಜವಾದದ್ದು 295.6. ಆದ್ದರಿಂದ ಸುಮಾರು 64 ಕಳೆಯಬೇಕು. ಈಗ ಅದೇ 64ನ್ನು ಹಿಡಿದುಕೊಂಡು 150 ಡಿಗ್ರಿಗೆ ಹೋಗೋಣ. ಪೆಂಗ್-ರಾಬಿನ್ಸನ್ ಪ್ರಕಾರ ಈ 120 ಡಿಗ್ರಿಯ ಏರಿಕೆಯಲ್ಲಿ ಮೋಲಾರ್ ಗಾತ್ರ ಸುಮಾರು 25 ಘನ ಸೆಂ.ಮೀ. ಹಿಗ್ಗುತ್ತದೆ, ನಿಜವಾದ ಹೆಕ್ಸಾಡೆಕೇನ್ 36ರ ಆಸುಪಾಸು ಹಿಗ್ಗುತ್ತದೆ. ಸ್ಥಿರ ಸಂಖ್ಯೆಯನ್ನು ಕಳೆದರೆ ರೇಖೆ ಕೆಳಗೆ ಸರಿಯುತ್ತದೆಯೇ ಹೊರತು ಅದರ ಓರೆ ಬದಲಾಗುವುದಿಲ್ಲ. ಸರಿಸುವ ಸಂಖ್ಯೆಯನ್ನೇ ತಾಪದೊಂದಿಗೆ ಬದಲಿಸಬಹುದು, ಹಾಗೆ ಮಾಡಿದವರಿದ್ದಾರೆ. ಆದರೆ ಆಗ ಹೆಚ್ಚು ಒತ್ತಡದಲ್ಲಿ ಎರಡು ತಾಪಗಳ ರೇಖೆಗಳು ಒಂದನ್ನೊಂದು ಕತ್ತರಿಸುವ ಅಪಾಯವಿದೆ. ಅಲ್ಲಿ ದ್ರವವನ್ನು ಕಾಯಿಸಿದರೆ ಕುಗ್ಗುತ್ತದೆ ಎಂದು ಸಮೀಕರಣ ಹೇಳತೊಡಗುತ್ತದೆ.

ಪಾಲಿಮರಿನ ಮುಂದೆ ಈ ಹಾದಿ ಪೂರ್ತಿ ಮುಚ್ಚುತ್ತದೆ. ನಮ್ಮ ಜಿಲ್ಲೆಯ ಕೊಳವೆಬಾವಿಗಳಿಗೆ ಇಳಿಸುವ ಕಪ್ಪು ಎಚ್‌ಡಿಪಿಇ ಪೈಪನ್ನು ಎಲ್ಲರೂ ನೋಡಿದ್ದೀರಿ. ಆ ಪಾಲಿಥೀನಿಗೆ ಅಳೆಯಬಲ್ಲ ಕ್ರಾಂತಿಕ ತಾಪವೂ ಇಲ್ಲ, ಕ್ರಾಂತಿಕ ಒತ್ತಡವೂ ಇಲ್ಲ. ಘನ ಸಮೀಕರಣಕ್ಕೆ ಕೊಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ಸರಪಳಿಯನ್ನು ಸರಪಳಿಯೆಂದೇ ಒಪ್ಪಿಕೊಳ್ಳುವ ಸ್ಯಾಫ್ಟ್ (ಸ್ಟ್ಯಾಟಿಸ್ಟಿಕಲ್ ಅಸೋಸಿಯೇಟಿಂಗ್ ಫ್ಲೂಯಿಡ್ ಥಿಯರಿ) ಕುಟುಂಬದ ಸಮೀಕರಣವನ್ನು ನೀವು ಕಲಿಯುವುದೇ ಒಳ್ಳೆಯದು. ವರ್ಟ್‌ಹೈಮ್ 1984ರಿಂದ 1986ರವರೆಗೆ ಬರೆದ ನಾಲ್ಕು ಪ್ರಬಂಧಗಳ ಸಿದ್ಧಾಂತದ ಮೇಲೆ ಚ್ಯಾಪ್‌ಮನ್, ಗಬ್ಬಿನ್ಸ್, ಜ್ಯಾಕ್ಸನ್ ಮತ್ತು ರಾಡೋಸ್ 1989-90ರಲ್ಲಿ ಇದನ್ನು ಕಟ್ಟಿದರು. ಗ್ರೋಸ್ ಮತ್ತು ಸಾಡೋವ್‌ಸ್ಕಿ 2001ರಲ್ಲಿ ಪ್ರಕಟಿಸಿದ ಪಿಸಿ-ಸ್ಯಾಫ್ಟ್ ರೂಪ ನಿಮ್ಮ ಕೆಲಸಕ್ಕೆ ಸಾಕು. ಸಾಧಾರಣ ಆಲ್ಕೇನಿಗೆ ಮೂರೇ ಸಂಖ್ಯೆಗಳು ಬೇಕು: ಮಣಿಗಳ ಎಣಿಕೆ ‘ಎಂ’, ಮಣಿಯ ವ್ಯಾಸ ‘ಸಿಗ್ಮಾ’, ಮಣಿಗಳ ನಡುವಿನ ಆಕರ್ಷಣೆಯ ಆಳ ‘ಎಪ್ಸಿಲಾನ್’. ಹೆಕ್ಸೇನಿಗೆ ಇವು 3.0576, 3.7983 ಆಂಗ್‌ಸ್ಟ್ರಾಂ ಮತ್ತು 236.77 ಕೆಲ್ವಿನ್, ಹೆಕ್ಸಾಡೆಕೇನಿಗೆ 6.6485, 3.9552 ಆಂಗ್‌ಸ್ಟ್ರಾಂ ಮತ್ತು 254.70 ಕೆಲ್ವಿನ್. ಹೆಕ್ಸಾಡೆಕೇನಿನ ಮಣಿಗಳ ಒಟ್ಟು ಗಾತ್ರವನ್ನು ಎಣಿಸಿದರೆ ಮೋಲಿಗೆ ಸುಮಾರು 130 ಘನ ಸೆಂ.ಮೀ. ಆಗುತ್ತದೆ. ಘನ ಸಮೀಕರಣದ 334ರ ಪಕ್ಕದಲ್ಲಿ ಈ 130ನ್ನು ಇಟ್ಟು ನೋಡಿ. 296 ಘನ ಸೆಂ.ಮೀ. ದ್ರವದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವನ್ನು ಮಣಿಗಳು ತುಂಬಿವೆ, ಉಳಿದದ್ದು ಸಂದು. ದ್ರವ ಹಿಗ್ಗಲೂ ಕುಗ್ಗಲೂ ಈಗ ಎಡೆಯಿದೆ.

ಆನೆಕೊಂಡ (ದಾವಣಗೆರೆ)

ತುಂಬಾ ಉಪಕಾರವಾಯಿತು ಸರ್. ಎರಡು ದಿನದಿಂದ ಇಲ್ಲದ ತಪ್ಪನ್ನು ಹುಡುಕುತ್ತಿದ್ದೆ. ಎರಡು ಸಂದೇಹಗಳಿವೆ. ಹೆಕ್ಸೇನಿನಲ್ಲಿ ಆರು ಇಂಗಾಲಗಳಿರುವಾಗ ಮಣಿಗಳು ಮೂರು ಏಕೆ, ಅದೂ 3.0576 ಎಂಬ ಪೂರ್ಣಾಂಕವಲ್ಲದ ಸಂಖ್ಯೆ ಏಕೆ? ಅರ್ಧ ಮಣಿ, ಕಾಲು ಮಣಿ ಎಂದರೇನು? ಮತ್ತು ಬಂಧ ಹಾಕಿದೊಡನೆ ಸಮೀಕರಣದಲ್ಲಿ ನಿಜವಾಗಿ ಏನು ಬದಲಾಗುತ್ತದೆ? ಸೂತ್ರವನ್ನು ನೋಡಿದ್ದೇನೆ, ಆದರೆ ಅದು ಕಣ್ಣಿಗೆ ಕಟ್ಟುತ್ತಿಲ್ಲ.

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಮೊದಲನೆಯದು ಸುಲಭ. ಮಣಿಯ ವ್ಯಾಸ ಸುಮಾರು 3.8 ಆಂಗ್‌ಸ್ಟ್ರಾಂ, ಆದರೆ ಇಂಗಾಲ-ಇಂಗಾಲ ಬಂಧದ ಉದ್ದ 1.54 ಆಂಗ್‌ಸ್ಟ್ರಾಂ, ಅಂಕುಡೊಂಕಾಗಿ ಸಾಗುವ ಸರಪಳಿಯ ನೇರ ಉದ್ದದಲ್ಲಿ ಒಂದು ಇಂಗಾಲಕ್ಕೆ ಸಿಗುವುದು ಸುಮಾರು 1.27 ಮಾತ್ರ. ಅಂದರೆ ನಿಜವಾದ ಅಣುವಿನಲ್ಲಿ ಮಣಿಗಳು ಒಂದರೊಳಗೊಂದು ಹುದುಗಿವೆ. ಮಾದರಿಯಲ್ಲಿ ಮಾತ್ರ ಅವು ಒಂದಕ್ಕೊಂದು ತಾಕಿಕೊಂಡಿರಬೇಕು, ಹುದುಗುವಂತಿಲ್ಲ; ಅದೇ ಉದ್ದವನ್ನು ತಾಕುವ ಮಣಿಗಳಿಂದ ತುಂಬಲು ಮೂರು ಇಂಗಾಲಕ್ಕೆ ಒಂದು ಮಣಿ ಸಾಕಾಗುತ್ತದೆ. ಇಂಗಾಲಗಳ ಸಂಖ್ಯೆಯಿಂದ ಒಂದನ್ನು ಕಳೆದು, ಮೂರರಿಂದ ಭಾಗಿಸಿ, ಒಂದನ್ನು ಕೂಡಿಸುವ ಸರಳ ನಿಯಮವನ್ನು ಸ್ಯಾಫ್ಟ್‌ನ ಇನ್ನೊಂದು ಕವಲಿನವರು ಬಳಸುತ್ತಾರೆ. ಅದರಂತೆ ಹೆಕ್ಸೇನಿಗೆ 2.67, ಹೆಕ್ಸಾಡೆಕೇನಿಗೆ 6. ಪಿಸಿ-ಸ್ಯಾಫ್ಟ್‌ನವರು ನಿಯಮವನ್ನು ಬದಿಗಿಟ್ಟು ಆವಿ ಒತ್ತಡಕ್ಕೂ ದ್ರವ ಸಾಂದ್ರತೆಗೂ ಒಟ್ಟಿಗೆ ಹೊಂದಿಸಿದ್ದರಿಂದ 3.0576 ಬಂದಿದೆ. ಅದನ್ನು ಎಣಿಕೆ ಎನ್ನುವುದಕ್ಕಿಂತ ಸರಪಳಿಯ ಉದ್ದದ ಅಳತೆ ಎಂದುಕೊಳ್ಳಿ. ಕಾಲು ಮಣಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಎರಡನೆಯದಕ್ಕೆ ಒಂದು ಲೆಕ್ಕ ಮಾಡೋಣ. ಆಕರ್ಷಣೆಯಿಲ್ಲದ ಗಟ್ಟಿ ಮಣಿಗಳಿಂದ ಒಂದು ಪೆಟ್ಟಿಗೆಯ ಶೇಕಡ 40ರಷ್ಟು ಜಾಗವನ್ನು ತುಂಬಿದ್ದೇವೆ ಎಂದುಕೊಳ್ಳಿ. ಮಣಿಗಳು ಬಿಡಿಬಿಡಿಯಾಗಿದ್ದರೆ, 1969ರ ಕಾರ್ನಹನ್-ಸ್ಟಾರ್ಲಿಂಗ್ ಸೂತ್ರದಂತೆ ಸಂಪೀಡ್ಯತಾ ಅಂಶ 6.93, ಆದರ್ಶ ಅನಿಲ ಹೇರುವ ಒತ್ತಡಕ್ಕೆ ಸುಮಾರು ಏಳು ಪಟ್ಟು. ಇಂತಹ ನಾಲ್ಕು ಬಿಡಿ ಮಣಿಗಳ ಪಾಲನ್ನು ಒಟ್ಟಿಗೆ ಎಣಿಸಿದರೆ 27.7. ಈಗ ಆ ನಾಲ್ಕನ್ನೂ ಮೂರು ಬಂಧಗಳಿಂದ ಒಂದು ಸರ ಮಾಡಿ. ಪ್ರತಿ ಬಂಧವೂ ಈ ಮೊತ್ತದಿಂದ 2.75ನ್ನು ಕಳೆಯುತ್ತದೆ. ಅದರಲ್ಲಿ 1 ಏಕೆ ಹೋಗುತ್ತದೆಂದರೆ, ಸ್ವತಂತ್ರವಾಗಿ ಓಡಾಡುತ್ತಿದ್ದ ಎರಡು ಈಗ ಒಂದಾಗಿವೆ. ಉಳಿದ 1.75 ಹೋಗುವುದು ಪಕ್ಕಪಕ್ಕದ ಮಣಿಗಳು ಆಗಲೇ ತಾಕಿಕೊಂಡಿರುವುದರಿಂದ. ಬಿಡಿಯಾಗಿದ್ದಾಗ ಅವು ಪರಸ್ಪರ ಡಿಕ್ಕಿ ಹೊಡೆದು ಹುಟ್ಟಿಸುತ್ತಿದ್ದ ಒತ್ತಡ ಇನ್ನಿಲ್ಲ. ಮೂರು ಬಂಧಗಳಿಗೆ 8.25 ಕಳೆದು ಉಳಿಯುವುದು ಸುಮಾರು 19.45, ಅಂದರೆ ಮಣಿಗೆ 4.86. ಅದೇ ಮಣಿಗಳು, ಅದೇ ಪೆಟ್ಟಿಗೆ, ಅದೇ ಇಕ್ಕಟ್ಟು; ದಾರ ಪೋಣಿಸಿದ್ದಕ್ಕೆ ಮಾತ್ರ ಒತ್ತಡ ಶೇಕಡ 30ರಷ್ಟು ಇಳಿಯಿತು. ಘನ ಸಮೀಕರಣದಲ್ಲಿ ಈ ದಾರಕ್ಕೆ ಹೆಸರೇ ಇಲ್ಲ.

ಸೂತ್ರದಲ್ಲಿ ಇದು ಹೆಲ್ಮ್‌ಹೋಲ್ಟ್ಸ್ ಮುಕ್ತ ಶಕ್ತಿಯ ಒಂದು ತುಣುಕಾಗಿ ಬರುತ್ತದೆ: ಒಂದರಿಂದ ‘ಎಂ’ ಅನ್ನು ಕಳೆದು, ಮಣಿಗಳು ತಾಕುವ ದೂರದಲ್ಲಿನ ವಿತರಣಾ ಫಲನದ (ಆ ದೂರದಲ್ಲಿ ಇನ್ನೊಂದು ಮಣಿ ಸಿಗುವ ಸಂಭವದ ಅಳತೆ) ಲಾಗರಿದಮ್‌ನಿಂದ ಗುಣಿಸಿದ್ದು. ಮೇಲಿನ 1.75 ಹುಟ್ಟುವುದು ಆ ಲಾಗರಿದಮ್‌ನ ಸಾಂದ್ರತಾ ಅವಕಲನದಿಂದ. ಪೇಪರಿನಲ್ಲಿ ಒಮ್ಮೆ ಬಿಡಿಸಿ ನೋಡಿ, ಅರ್ಧ ಪುಟ ಸಾಕು.

ಸ್ಯಾಫ್ಟ್‌ನ ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಕ್ರಾಂತಿಕ ಬಿಂದುವಿನ ಬಳಿ ಇದು ಕೂಡ ಎಡವುತ್ತದೆ. ಕ್ರಾಂತಿಕ ತಾಪವನ್ನು ನಿಜಕ್ಕಿಂತ ಮೇಲೆ ತೋರಿಸುತ್ತದೆ. ಕ್ರಾಂತಿಕ ಬಿಂದುವೇ ಮುಖ್ಯವಾದ ಕೆಲಸವಿದ್ದರೆ ಪೆಂಗ್-ರಾಬಿನ್ಸನ್ ಇಂದಿಗೂ ಅಗ್ಗದ, ನಂಬಿಕೆಯ ಕೆಲಸಗಾರ.

ಚಳ್ಳಕೆರೆ ಗಾಣ (ಚಳ್ಳಕೆರೆ)

ನಾನು ಸಿದ್ಧಾಂತಿಯಲ್ಲ, ಸಾಲ್ವೆಂಟ್ ಪ್ಲಾಂಟಿನಲ್ಲಿ ಹಲವು ವರ್ಷ ಪಾಳಿ ನೋಡಿಕೊಂಡವನು. ಪ್ರಶ್ನೆ ಕೇಳಿದ ತಂಗಿ ಶೇಂಗಾ ಎಣ್ಣೆ-ಹೆಕ್ಸೇನ್‌ವರೆಗೆ ಹೋಗಬೇಕೆಂದಿರುವುದರಿಂದ ಈ ಮಾತು. ಹಿಂಡಿಯಿಂದ ಹೆಕ್ಸೇನ್ ಎಣ್ಣೆಯನ್ನು ಎಳೆದುಕೊಂಡು ಬಂದ ದ್ರಾವಣವನ್ನು ನಾವು ಮಿಸೆಲ್ಲಾ ಎನ್ನುತ್ತೇವೆ. ಅದನ್ನು ಕಾಯಿಸಿ ಹೆಕ್ಸೇನನ್ನು ಹಾರಿಸುವಾಗ ಮೊದಲರ್ಧ ಸಲೀಸು, ಕೊನೆಯ ಹತ್ತು ಪಾಲು ಮಾತ್ರ ಎಣ್ಣೆಗೆ ಕಚ್ಚಿಕೊಂಡು ಕುಳಿತುಬಿಡುತ್ತದೆ; ಅದಕ್ಕೇ ನಿರ್ವಾತ ಮತ್ತು ನೇರ ಹಬೆ ಬೇಕಾಗುತ್ತದೆ. ಸೇರಿದ ಹೊಸದರಲ್ಲಿ ರೌಲ್ಟ್ ನಿಯಮದಿಂದ (ಆವಿ ಒತ್ತಡ ಮೋಲುಗಳ ಪಾಲಿಗೆ ಅನುಗುಣ ಎನ್ನುವ ನಿಯಮ) ಲೆಕ್ಕ ಹಾಕಿ ನಾನೇ ಮೋಸ ಹೋಗಿದ್ದೆ.

90 ಕೆ.ಜಿ. ಎಣ್ಣೆ, 10 ಕೆ.ಜಿ. ಹೆಕ್ಸೇನ್ ಇದೆ ಎಂದುಕೊಳ್ಳಿ. ಎಣ್ಣೆಯ ಅಣುವನ್ನು ಟ್ರೈಓಲಿನ್ ಎಂದು ಹಿಡಿದರೆ ಅದರ ಮೋಲಾರ್ ದ್ರವ್ಯರಾಶಿ 885, ಹೆಕ್ಸೇನಿನದು 86. ಮೋಲುಗಳನ್ನು ಎಣಿಸಿದರೆ ಹೆಕ್ಸೇನಿನ ಪಾಲು 0.53, ಆದ್ದರಿಂದ ಶುದ್ಧ ಹೆಕ್ಸೇನಿನ ಆವಿ ಒತ್ತಡದಲ್ಲಿ ಅರ್ಧಕ್ಕಿಂತ ಹೆಚ್ಚು ಇರಬೇಕು ಎನ್ನುತ್ತದೆ ರೌಲ್ಟ್ ನಿಯಮ. ಗಾತ್ರದಲ್ಲಿ ಎಣಿಸಿದರೆ ಹೆಕ್ಸೇನ್ ಶೇಕಡ 13.4 ಮಾತ್ರ. ಚಿಕ್ಕ-ದೊಡ್ಡ ಅಣುಗಳ ಮಿಶ್ರಣಕ್ಕೆ ಬಳಸುವ ಫ್ಲೋರಿ-ಹಗ್ಗಿನ್ಸ್ ಸೂತ್ರದಲ್ಲಿ ಆಕರ್ಷಣೆಯ ವ್ಯತ್ಯಾಸವನ್ನು ಬಿಟ್ಟು, ಎಣ್ಣೆಯ ಅಣು ಹೆಕ್ಸೇನಿನ 7.4 ಪಟ್ಟು ದೊಡ್ಡದು ಎಂಬುದನ್ನಷ್ಟೇ ಹಾಕಿದರೆ 0.28 ಬರುತ್ತದೆ. 0.53 ಎಲ್ಲಿ, 0.28 ಎಲ್ಲಿ? ನಮ್ಮ ಪ್ಲಾಂಟಿನ ಅನುಭವ ಎರಡನೆಯದರ ಪರವಾಗಿದೆ. ನನ್ನ ಪ್ರಶ್ನೆ ಇಷ್ಟೇ: ಇಷ್ಟನ್ನು ಫ್ಲೋರಿ-ಹಗ್ಗಿನ್ಸ್ ಕೊಡುವಾಗ ಸ್ಯಾಫ್ಟ್ ಯಾಕೆ ಬೇಕು?

ಏಳುಸುತ್ತಿನ ಕೋಟೆ (ಚಿತ್ರದುರ್ಗ)

ಗಾಣದವರ ಉದಾಹರಣೆ ನನ್ನ ಮಣಿಗಳಿಗಿಂತ ಎಷ್ಟೋ ಚೆನ್ನಾಗಿದೆ. ಫ್ಲೋರಿ-ಹಗ್ಗಿನ್ಸ್ ಒಂದು ಚೌಕಳಿ ಹಾಸು. ಪ್ರತಿ ಮನೆಯಲ್ಲೂ ಒಂದು ತುಂಡು ಕುಳಿತಿರುತ್ತದೆ, ಖಾಲಿ ಮನೆಯಿಲ್ಲ. ಹಾಗಾಗಿ ಅದು ಬೆರಕೆಯ ಎಂಟ್ರೋಪಿಯನ್ನು ಸೊಗಸಾಗಿ ಹೇಳುತ್ತದೆ, ಆದರೆ ಒತ್ತಡ ಮತ್ತು ಸಾಂದ್ರತೆಯ ಬಗ್ಗೆ ಅದಕ್ಕೆ ಬಾಯಿಲ್ಲ. ನೀವೇ ಗಮನಿಸಿ, ಗಾತ್ರದ ಪಾಲನ್ನು ಎಣಿಸಲು ನೀವು ಸಾಂದ್ರತೆಗಳನ್ನು ಹೊರಗಿನಿಂದ ತಂದು ಕೊಟ್ಟಿದ್ದೀರಿ. ಸ್ಯಾಫ್ಟ್‌ನಲ್ಲಿ ಆವಿ ಒತ್ತಡ, ಸಾಂದ್ರತೆ, ಹಿಗ್ಗುವಿಕೆ ಎಲ್ಲವೂ ಒಂದೇ ಮುಕ್ತ ಶಕ್ತಿಯಿಂದ ಇಳಿದುಬರುತ್ತವೆ. ಆವಿಯಾಗಿಸುವ ಪಾತ್ರೆಯ ತಾಪ ಏರಿದಂತೆ ಈ ವ್ಯತ್ಯಾಸ ಕಾಣಿಸತೊಡಗುತ್ತದೆ. ಟ್ರೈಗ್ಲಿಸರೈಡ್ ಮೂರು ಕೊಂಬೆಯ ಅಣುವಾದ್ದರಿಂದ ಅದನ್ನು ಒಂದೇ ನೇರ ಸರವೆಂದು ಹಿಡಿಯುವುದು ಅಂದಾಜಿನ ಕೆಲಸ; ಹೆಕ್ಸೇನಿನೊಂದಿಗೆ ಹೊಂದಿಸಲು ಒಂದು ಜೋಡಿ-ತಿದ್ದುಪಡಿ ಸಂಖ್ಯೆಯನ್ನೂ ಅಳತೆಗಳಿಂದ ಪಡೆಯಬೇಕಾಗುತ್ತದೆ.

ಆನೆಕೊಂಡ (ದಾವಣಗೆರೆ)

ಎಲ್ಲರಿಗೂ ಧನ್ಯವಾದಗಳು. ಪಿಸಿ-ಸ್ಯಾಫ್ಟ್ ಬರೆದು ಮುಗಿಸಿದೆ, ಆದರೆ ಹೆಕ್ಸಾಡೆಕೇನಿಗೆ 460ರ ಸುಮಾರು ಬರುತ್ತಿದೆ! ಈ ಸಲ ಸಮೀಕರಣವನ್ನು ದೂರುವ ಧೈರ್ಯ ನನಗಿಲ್ಲ.

ಏಳುಸುತ್ತಿನ ಕೋಟೆ (ಚಿತ್ರದುರ್ಗ)

460ನ್ನು 766ರಿಂದ ಭಾಗಿಸಿ: 0.60. ಈ ಸಂಖ್ಯೆ ನಿಮಗೆ ಪರಿಚಿತವೇ. ಸ್ಯಾಫ್ಟ್‌ನಲ್ಲಿ ಸಾಂದ್ರತೆ ಘನ ಆಂಗ್‌ಸ್ಟ್ರಾಂಗೆ ಇಷ್ಟು ಅಣುಗಳು ಎಂದು ಬರುತ್ತದೆ. ಅದನ್ನು ಘನ ಸೆಂ.ಮೀ.ಗೆ ಇಷ್ಟು ಮೋಲ್ ಎಂದು ಬದಲಿಸಲು 0.6022ರಿಂದ (ಅವೊಗ್ಯಾಡ್ರೊ ಸಂಖ್ಯೆಯ ಅಂಕಿಗಳು) ಭಾಗಿಸಬೇಕು. ಆ ಸಾಲು ಬಿಟ್ಟುಹೋಗಿರಬೇಕು. ಇನ್ನೊಂದು ಎಚ್ಚರಿಕೆ: ಈ ಸಮೀಕರಣಕ್ಕೆ ಮೂರಕ್ಕಿಂತ ಹೆಚ್ಚು ಮೂಲಗಳು ಸಿಗುವ ಸಂದರ್ಭಗಳಿವೆ, ಅವುಗಳಲ್ಲಿ ಕೆಲವಕ್ಕೆ ಭೌತಿಕ ಅರ್ಥವಿಲ್ಲ. ದ್ರವದ ಮೂಲವನ್ನು ಹುಡುಕುವಾಗ ತುಂಬಿಕೆಯ ಪ್ರಮಾಣವನ್ನು 0.5ರಿಂದ, ಆವಿಯದನ್ನು ಸೊನ್ನೆಗೆ ತೀರ ಸಮೀಪದಿಂದ ಆರಂಭಿಸಿ.

ಆನೆಕೊಂಡ (ದಾವಣಗೆರೆ)

ಅದೇ ಸಾಲು ಸರ್. ತಿದ್ದಿದ ಮೇಲೆ ಎರಡೂ ದ್ರವಗಳ ಸಾಂದ್ರತೆ ನನ್ನ ಬಾಟಲಿಯ ಅಳತೆಯಿಂದ ಶೇಕಡ 1ರ ಆಸುಪಾಸಿನಲ್ಲೇ ಇದೆ, ಹೆಕ್ಸಾಡೆಕೇನ್ ಮತ್ತೆ ಹೆಕ್ಸೇನಿಗಿಂತ ಭಾರವಾಗಿದೆ. ನಾಳೆ ಬೆಳಿಗ್ಗೆ 40 ಮತ್ತು 50 ಡಿಗ್ರಿಯಲ್ಲಿ ತೂಗಿ, ಹಿಗ್ಗುವಿಕೆಯ ಓರೆಯನ್ನು ಹೋಲಿಸುತ್ತೇನೆ. ಹೆಕ್ಸಾಡೆಕೇನ್ 18 ಡಿಗ್ರಿಗೆ ಹೆಪ್ಪುಗಟ್ಟುವುದರಿಂದ ಈ ಚಳಿಯಲ್ಲಿ ಬಾಟಲಿಯ ತಳ ಬೆಳ್ಳಗಾಗಿರುತ್ತದೆ. ಮೊದಲು ಅದನ್ನು ಬೆಚ್ಚಗೆ ಮಾಡಿಕೊಳ್ಳಬೇಕು.